ಅವನಿಗೂ ಮಾದಪ್ಪನಿಗೂ ಮಾತಿಲ್ಲ

ಶಿವರಾತ್ರಿಗೆ ಇನ್ನೊಂದು ವಾರವಿದೆ ಎನ್ನುವಾಗ ಅಜ್ಜಿ ಗಂಟು ಕಟ್ಟುತ್ತಿದ್ದಳು. ಹುರಿದ ರಾಗಿಯ ಹಿಟ್ಟು, ಅಚ್ಚುಬೆಲ್ಲ, ಒಂದು ಕಂಬಳಿ, ಉಟ್ಟದ್ದು ಬಿಟ್ಟರೆ ಇನ್ನೊಂದು ಸೀರೆ, ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಮಜ್ಜನಕ್ಕೆ ಸಣ್ಣ ಸೀಸೆಯಲ್ಲಿ ಹುಚ್ಚೆಳ್ಳೆಣ್ಣೆ. ಗಂಟು ಕಟ್ಟುವುದು ಅವಳು, ಹೊರುವುದು ಅಪ್ಪ. ಅಪ್ಪನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ.

ಪುಣಜನೂರಿನಿಂದ ಚಾಮರಾಜನಗರ, ಅಲ್ಲಿಂದ ಕೊಳ್ಳೇಗಾಲದವರೆಗೆ ಬಸ್ಸು. ಆಮೇಲೆ ನಡಿಗೆ. ಹನೂರು ದಾಟಿ, ತಾಳಬೆಟ್ಟದಲ್ಲಿ ಒಂದು ಗಳಿಗೆ ದಣಿವಾರಿಸಿಕೊಂಡರೆ ಮುಂದೆ ಬರೀ ಏರು. ನಾನು ಎರಡು ಸಲ ಜೊತೆಗೆ ಹೋಗಿದ್ದೇನೆ, 1970ರ ದಶಕದ ಕೊನೆಯಲ್ಲಿ. ಪ್ರೈಮರಿ ಶಾಲೆಯ ಮೇಷ್ಟ್ರಾದ ಅಪ್ಪ ಗಂಟನ್ನು ಹೆಗಲಿಗೇರಿಸಿಕೊಂಡು ತನ್ನ ಅವ್ವನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯುತ್ತಿದ್ದ. ಅವಳು ಕೂತರೆ ಕೂರುತ್ತಿದ್ದ, ಎದ್ದರೆ ಏಳುತ್ತಿದ್ದ. ಬೆಟ್ಟ ತಲುಪಿದ ಮೇಲೆ ಗುಡಿಯ ಹೊರಗೆ ಗಂಟಿಗೆ ಒರಗಿ ಕೂತುಬಿಡುತ್ತಿದ್ದ. ಊರಿನವರು ಯಾರಾದರೂ ಕಂಡು, 'ಇಷ್ಟು ದೂರ ಬಂದ್ಬುಟ್ಟು ಒಳಗೆ ಬರಲ್ವಾ ಮೇಷ್ಟ್ರೇ?' ಎಂದರೆ ಉತ್ತರ ಅಪ್ಪನದಲ್ಲ, ಅಜ್ಜಿಯದು.

'ಅವುನ್ಗೂ ಮಾದಪ್ಪುನ್ಗೂ ಮಾತಿಲ್ಲ, ಬುಡಿ. ನಮ್ಮಟ್ಟಿ ವಿಷ್ಯ ಅದು.'

ನಮ್ಮ ಸೀಮೆಯಲ್ಲಿ 'ಮಾತಿಲ್ಲ' ಎನ್ನುವ ಮಾತಿಗೆ ಒಂದು ತೂಕವಿದೆ. ಬದುವಿಗೋ ಬಾವಿಯ ನೀರಿಗೋ ಮುನಿಸಿಕೊಂಡ ಅಣ್ಣತಮ್ಮಂದಿರಿಗೆ ಮಾತಿರುವುದಿಲ್ಲ. ಮಾತಿಲ್ಲ ಎಂದ ಮಾತ್ರಕ್ಕೆ ನಂಟು ಹರಿಯುವುದಿಲ್ಲ. ಸಾವಾದರೆ ಬರುತ್ತಾರೆ, ಮದುವೆಯಾದರೆ ಪಂಕ್ತಿಯ ಕೊನೆಯಲ್ಲಾದರೂ ಕೂತು ಉಂಡು ಹೋಗುತ್ತಾರೆ. ಮಗ ನಾಸ್ತಿಕ ಎನ್ನುವುದನ್ನು ಅಜ್ಜಿ ಹೀಗೆ, ಮನೆಯೊಳಗಿನ ಒಂದು ಮುನಿಸಾಗಿ ಕಂಡಳು. ಅಪ್ಪನೂ ಎಂದೂ ಅವಳ ವಿಭೂತಿಯನ್ನು, ಆ ಬೆಟ್ಟದ ಧೂಳ್ತವನ್ನು, ಹಣೆಯಿಂದ ಒರೆಸು ಎಂದವನಲ್ಲ. ಅವಳ ಸೋಮವಾರದ ಉಪವಾಸಕ್ಕೆ ಹಣ್ಣು ತರುತ್ತಿದ್ದವನೂ ಅವನೇ.

ಇದೇನು ನಮ್ಮ ಮನೆಯ ಹೆಚ್ಚುಗಾರಿಕೆ ಅಂತಲ್ಲ. ಸುತ್ತಲಿನ ಕಾಡೇ ಹಾಗಿತ್ತು. ಕಾಡಿನ ಹಾಡಿಗಳಾದ ಪೋಡುಗಳ ಸೋಲಿಗರಿಗೆ ಬಿಳಿಗಿರಿರಂಗ ಭಾವ ಆಗಬೇಕು. ಅವರ ಹೆಣ್ಣು ಕುಸುಮಾಲೆಯನ್ನು ಆತ ಕಟ್ಟಿಕೊಂಡ ಲೆಕ್ಕ. ಅವರು ರಂಗನಾಥನ ಬಗ್ಗೆ ಮಾತಾಡುವುದನ್ನು ಕೇಳಬೇಕು: ಸಲಿಗೆ, ಕೀಟಲೆ, ನಡುವೆ ಒಂದಿಷ್ಟು ದೂರು. ಆತ ರಾತ್ರಿಯೆಲ್ಲ ಕಾಡು ಸುತ್ತಿ ಸವೆಸುತ್ತಾನೆಂದು ಚರ್ಮದ ದೊಡ್ಡ ಪಾದರಕ್ಷೆಗಳನ್ನು ಹೊಲಿದು ಕೊಡುವ ಭಕ್ತರಿದ್ದಾರೆ. ಅಪ್ಪ ನಮಗೆ ಆ ಜೋಡಿನ ಕಥೆಯನ್ನು ಕಣ್ಣರಳಿಸಿ ಹೇಳುತ್ತಿದ್ದ. ನಂಬದವನಿಗೂ ಆ ಕಥೆಯ ಮೇಲೆ ಹಕ್ಕಿತ್ತು. ಭಾವನ ಜೊತೆ ಮಾತು ಬಿಟ್ಟವನನ್ನು ಊರು ಬಿಡಿಸುವುದುಂಟೇ?

ಪುಣಜನೂರು ಇರುವ ಜಾಗವೂ ಅಂಥದ್ದು. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನ ಮುಂದೆ ಹಾದು ಹೋಗುವ ಹೆದ್ದಾರಿಯಲ್ಲಿ ತೆಂಕಲಿಗೆ ಹೋದರೆ ಹಾಸನೂರು, ದಿಂಬಂ ಘಟ್ಟ, ಕೆಳಗೆ ಬಣ್ಣಾರಿ ಅಮ್ಮನ ಗುಡಿ, ಸತ್ಯಮಂಗಲ, ಇನ್ನೂ ಮುಂದೆ ಈರೋಡು. ಈರೋಡು ಪೆರಿಯಾರ್ ಹುಟ್ಟಿದ ಊರು. ಅಪ್ಪನಿಗೆ ನಾಸ್ತಿಕವಾದ ಬಂದದ್ದು ಇದೇ ದಾರಿಯಲ್ಲಿ, ಮರದ ಲಾರಿ ತರಕಾರಿ ಲಾರಿಗಳ ಜೊತೆ. ಕಪ್ಪಂಗಿ ತೊಟ್ಟ ಒಬ್ಬ ಡ್ರೈವರು ಟೀ ಅಂಗಡಿಯಲ್ಲಿ ಕೂತು ಪುರೋಹಿತರಿಲ್ಲದ ಮದುವೆಗಳ ಬಗ್ಗೆ ಹೇಳುತ್ತಿದ್ದನಂತೆ. 1967ರಲ್ಲಿ ಅಣ್ಣಾದೊರೈ ಸರ್ಕಾರ ಅಂಥ ಸ್ವಾಭಿಮಾನದ ಮದುವೆಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಾಗ ಅಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇತ್ತ ಕುವೆಂಪು ಅದರ ಹಿಂದಿನ ವರ್ಷವೇ ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದ ಮಂತ್ರ ಮಾಂಗಲ್ಯದಲ್ಲಿ ಮಾಡಿದ್ದರು. ಚಿಕ್ಕಪ್ಪನ ಮದುವೆಯೂ ಹಾಗೇ ಆಗಲಿ ಎಂದು ಅಪ್ಪ ಹಟ ಹಿಡಿದ. ಅಜ್ಜಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಒಂದೇ ಪ್ರಶ್ನೆ ಕೇಳಿದಳು: 'ಅಕ್ಕಿಕಾಳಾದ್ರೂ ಹಾಕಬೋದಾ ಮಗಾ?' 'ಹಾಕವ್ವ' ಎಂದ ಅಪ್ಪ. ಮದುವೆ ಆಯಿತು.

ಅದೇ ಹೆದ್ದಾರಿಯಲ್ಲಿ ಬಡಗಲಿಗೆ ಹೋದರೆ ಚಾಮರಾಜನಗರ. ಅಲ್ಲಿ ಬೇರೆಯೇ ಒಂದು ನಂಬಿಕೆ ಬೇರುಬಿಟ್ಟಿತ್ತು. ಆ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ! ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಜನ ಬೆರಳು ಮಡಚಿ ಎಣಿಸುತ್ತಿದ್ದರು. ಅಪ್ಪ ಪ್ರತಿ ಬೆರಳನ್ನೂ ಬಿಡಿಸಿ ಕಾರಣ ಹೇಳುತ್ತಿದ್ದ. ಅರಸರ ಕುರ್ಚಿ ಹೋದದ್ದು 1980ರಲ್ಲಿ ಇಂದಿರಾ ಗಾಂಧಿ ಮತ್ತೆ ಗೆದ್ದಾಗ ಶಾಸಕರು ಅತ್ತ ಸರಿದದ್ದರಿಂದ. ಗುಂಡೂರಾಯರದ್ದು 1983ರ ಚುನಾವಣೆಯಲ್ಲಿ. ಹೆಗಡೆಯವರದ್ದು 1988ರಲ್ಲಿ ದೂರವಾಣಿ ಕದ್ದಾಲಿಕೆಯ ಹಗರಣದಲ್ಲಿ. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದರು. ಅದರ ವಿರುದ್ಧ ಅವರು ಹೂಡಿದ ಮೊಕದ್ದಮೆಯಲ್ಲೇ 1994ರಲ್ಲಿ ಸುಪ್ರೀಂ ಕೋರ್ಟು, ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ರಚನೆಗೆ ಸೇರಿದ್ದು ಎಂದು ಹೇಳಿತು. ಇದನ್ನು ಹೇಳುವಾಗ ಅಪ್ಪನ ದನಿ ಏರುತ್ತಿತ್ತು. ಇಂಥ ದೊಡ್ಡ ತೀರ್ಪಿಗೆ ಹೆಸರಾದ ಮನುಷ್ಯನ ಕಥೆಯನ್ನು 'ಚಾಮರಾಜನಗರಕ್ಕೆ ಬಂದು ಕೆಟ್ಟ' ಎಂದು ಮುಗಿಸುತ್ತಾರಲ್ಲ ಎಂಬ ಸಂಕಟ.

1997ರಲ್ಲಿ ನಾವು ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದೆವು. ಉದ್ಘಾಟನೆಗೆ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರಕ್ಕೆ ಬರಲಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾಡಿದರು. ಅಂದು ಅಪ್ಪನಿಗಿಂತ ಹೆಚ್ಚು ನೊಂದವಳು ಅಜ್ಜಿ. ಅಪ್ಪ, 'ಇದು ಊರಿಗೆ ಮಾಡಿದ ಅವಮಾನ' ಎಂದಷ್ಟೇ ಹೇಳಿ ಸುಮ್ಮನಾದ. ಅಜ್ಜಿ ಸುಮ್ಮನಾಗಲಿಲ್ಲ. 'ಊರ್ಗೆ ಬಂದ್ರೆ ಕೇಡು, ಬೆಟ್ಟುಕ್ಕೋದ್ರೆ ಒಳ್ಳೇದಾ? ಮಾದಪ್ಪ ಏನು ಬ್ಯಾರೆ ಸೀಮೆಯೋನಾ? ಅವ್ನಿರೋ ಸೀಮೆ ಕೇಡಿನ ಸೀಮೆ ಹೆಂಗಾದಾತು?' ಎಂದು ಒಲೆಯ ಮುಂದೆ ಕೂತು ಬಯ್ದಳು. ನಂಬಿದವಳೂ ನಂಬದವನೂ ಒಂದೇ ಕಡೆ ನಿಂತದ್ದನ್ನು ನಾನು ಅಂದು ಕಂಡೆ. ಅವರಿಬ್ಬರ ಎದುರಿಗಿದ್ದದ್ದು ಭಕ್ತಿಯಲ್ಲ, ಭಯ. ಮಲೆಯ ಹುಲಿಯನ್ನೇ ವಾಹನ ಮಾಡಿಕೊಂಡ ದೇವರಿಗೆ ನಡೆದುಕೊಳ್ಳುವ ಹೆಂಗಸಿಗೆ ಕುರ್ಚಿಯ ಭಯ ಅರ್ಥವಾಗಲಿಲ್ಲ.

2007ರಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಚಾಮರಾಜನಗರಕ್ಕೆ ಬಂದುಹೋದರು. ಅದೇ ವರ್ಷ ಅಧಿಕಾರ ಹೋದಾಗ ಪಟ್ಟಿಗೆ ಇನ್ನೊಂದು ಬೆರಳು ಸೇರಿತು. 2013ರಲ್ಲಿ ಸಿದ್ದರಾಮಯ್ಯನವರು ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. ಆ ಅಪವಾದ ಕಳೆಯಿತು. ಆ ಹೊತ್ತಿಗೆ ಅಜ್ಜಿ ಇರಲಿಲ್ಲ.

ಅಜ್ಜಿ ಇದ್ದಾಗಿನ ರಾತ್ರಿಗಳ ಬಗ್ಗೆ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ಬರುತ್ತಿದ್ದರು. ಜಗಲಿಯ ಮೇಲೆ ಗ್ಯಾಸ್‌ಲೈಟು, ಅಂಗಳದಲ್ಲಿ ಹುಲ್ಲು ಹಾಸಿ ಕೂತ ಊರು. ಮಾದಪ್ಪನ ಕಥೆಯಲ್ಲಿ ಎಷ್ಟೋ ಸಾಲುಗಳಿವೆ, ಆದರೆ ನಮ್ಮ ಮನೆಯಲ್ಲಿ ಕೇಳಿ ಹಾಡಿಸುತ್ತಿದ್ದದ್ದು ಸಂಕಮ್ಮನ ಸಾಲು. ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ಬಲಗೈ ಭಾಷೆ ಕೇಳುತ್ತಾನೆ: ತಾನು ಇಲ್ಲದಾಗ ನೀತಿ ಬಿಡುವುದಿಲ್ಲವೆಂದು ಆಣೆ ಇಡು. ಸಂಕಮ್ಮ ಕೊಡುವುದಿಲ್ಲ. ನಡತೆ ಕೆಟ್ಟವಳಾದ್ದರಿಂದ ಅಲ್ಲ. ಆಣೆ ಕೇಳುವುದೇ ಅವಳಿಗೆ ಅವಮಾನ. ಅವನು ಅವಳನ್ನು ಗುಡಿಸಲಲ್ಲಿ ಕಟ್ಟಿ ಹಾಕಿ ಹೋಗುತ್ತಾನೆ. ಆ ಸಂಕಟಕ್ಕೆ ಓಗೊಟ್ಟು ಬರುವವನು ಮಾದಪ್ಪ. ಕಟ್ಟು ಬಿಚ್ಚುತ್ತಾನೆ, ಬಂಜೆ ಎನಿಸಿಕೊಂಡವಳಿಗೆ ಕಾರಯ್ಯ ಬಿಲ್ಲಯ್ಯರ ಫಲ ಕೊಡುತ್ತಾನೆ.

ಆ ಸಾಲು ಬಂದಾಗ ಅಪ್ಪ ಕುರ್ಚಿಯಿಂದಿಳಿದು ಹುಲ್ಲಿನ ಮೇಲೆ ಹೆಂಗಸರ ಹತ್ತಿರ ಬಂದು ಕೂರುತ್ತಿದ್ದ. ಅವನಿಗೆ ಕಥೆಯಲ್ಲಿ ಮುಖ್ಯಳು ಸಂಕಮ್ಮ, ಅಜ್ಜಿಗೆ ಮಾದಪ್ಪ. ಬೆಳಗಿನ ಜಾವದವರೆಗೂ ಅದರ ಮೇಲೆ ವಾದ. 'ಕಟ್ಟು ಬಿಚ್ಚಿದೋನು ಯಾರ್ಲಾ?' ಎಂದು ಇವಳು. 'ಆಣೆ ಇಡಲ್ಲ ಅಂದೋಳು ಯಾರವ್ವ?' ಎಂದು ಅವನು. ಕಂಸಾಳೆಯ ಹಿರಿಯ ನಡುವೆ ಕೂತು ನಗುತ್ತ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ನಂಬಿಕೆ ಎಂಬ ಒಂದೇ ಪದವನ್ನು ನಾವು ದೇವರಿಗೂ ಗಂಡಹೆಂಡಿರಿಗೂ ಸಾಲ ಕೊಟ್ಟವನಿಗೂ ಬಳಸುತ್ತೇವೆ. ಆ ಅಂಗಳದಲ್ಲಿ ಅದಕ್ಕೆ ಇದ್ದದ್ದು ಒಂದೇ ಅರ್ಥ: ಆಣೆ ಕೇಳದೆ ಇರುವುದು.

ಈಗ ಎಲ್ಲರೂ ಆಣೆ ಕೇಳುತ್ತಾರೆ.

ನಮ್ಮ ಮನೆಯಲ್ಲಿ ಅದು ನಡೆದದ್ದು ಚಿಕ್ಕಲ್ಲೂರು ಜಾತ್ರೆಯ ಮಾತಿನಲ್ಲಿ. ಬನದ ಹುಣ್ಣಿಮೆಗೆ ಚಂದ್ರಮಂಡಲ ಹೊತ್ತಿಸಿದ ಮೇಲೆ ಐದು ದಿನ ನಡೆಯುವ ಸಿದ್ದಪ್ಪಾಜಿಯ ಜಾತ್ರೆಯಲ್ಲಿ ಪಂಕ್ತಿಸೇವೆ ಎಂಬುದಿದೆ. ಬಿಡಾರಗಳಲ್ಲಿ ಮಾಂಸದಡುಗೆ ಮಾಡಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದು. ಪ್ರಾಣಿಬಲಿ ತಡೆಯುವ 1959ರ ಕಾಯಿದೆಯನ್ನು ಮುಂದಿಟ್ಟು ಅಧಿಕಾರಿಗಳು ತಡೆಯಲು ಹೊರಟರು. ದಾರಿಯಲ್ಲಿ ಕುರಿ ಕೋಳಿಗಾಗಿ ತಪಾಸಣೆ. ಇದು ಬಲಿಯಲ್ಲ, ಊಟ ಎಂದರು ಒಕ್ಕಲಿನವರು. ಅಪ್ಪ ಅವರ ಪರ ನಿಂತ. ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಒಕ್ಕಲು ಉಳಿಸಿಕೊಂಡು ಬಂದ ಒಂದು ಸಮಾನತೆಯನ್ನು ಅಡುಗೆಯ ಹೆಸರಲ್ಲಿ ಅಳಿಸಬೇಡಿ ಎಂಬುದು ಅವನ ವಾದ. ನನ್ನ ತಮ್ಮನಿಗೆ ಅದು ಹಿಡಿಸಲಿಲ್ಲ. ಅವನು ಒಂದು ಪಕ್ಷದ ಕೆಲಸಕ್ಕೆ ಓಡಾಡುತ್ತಿದ್ದ ಕಾಲ ಅದು. ದೇವರ ಜಾಗದಲ್ಲಿ ರಕ್ತ ಬೀಳಬಾರದು ಎಂದ. ಅಲ್ಲಿಯವರೆಗೂ ಅದು ವಾದವೇ. ಅವನ ಮಾತಿನಲ್ಲೂ ಕರುಣೆಯಿತ್ತು. ಆಮೇಲೆ ಅವನು ಎದ್ದು ನಿಂತು ಕೇಳಿದ: 'ದೇವ್ರನ್ನೇ ನಂಬದ ನಿನಗೆ ಇದ್ರಲ್ಲಿ ಮಾತಾಡೋಕೆ ಏನು ಹಕ್ಕು? ಮೊದ್ಲು ನೀನು ಯಾರ ಕಡೆ ಹೇಳು.'

ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ದಿನವೂ ಮೂರು ಹೊತ್ತು ಧೂಳ್ತ ಹಚ್ಚುತ್ತಿದ್ದ ಅಜ್ಜಿಯೂ ಕೇಳಿರಲಿಲ್ಲ. ಅಪ್ಪ ಉತ್ತರ ಕೊಡಲಿಲ್ಲ, ತಟ್ಟೆಯಲ್ಲಿ ಕೈ ತೊಳೆದುಬಿಟ್ಟ. ಅಂದಿನಿಂದ ತಮ್ಮನ ಒಲೆ ಬೇರೆ.

ತಮ್ಮನೊಬ್ಬನನ್ನೇ ದೂರಲಾರೆ. ನಾಸ್ತಿಕರೆನಿಸಿಕೊಂಡವರಲ್ಲೂ ಈಗ ಆ ತಾಳ್ಮೆ ಇಲ್ಲ. ಅಪ್ಪನನ್ನು ನೋಡಲು ಬಂದ ಒಬ್ಬ ಯುವಕ, 'ಗುಡಿಗೆ ಗಂಟು ಹೊತ್ತುಕೊಂಡು ಹೋಗುತ್ತಿದ್ದಿರಂತೆ, ಅದು ರಾಜಿಯಲ್ಲವೇ?' ಎಂದು ಪಾಟೀಸವಾಲು ಹಾಕಿದ. ಅವನೂ ಕೇಳಿದ್ದು ಬಲಗೈ ಭಾಷೆಯನ್ನೇ. ಬಿಳಿಗಿರಿರಂಗನ ಕಾಡಿನೊಳಗೂ ಹಾಗೇ. 1974ರಲ್ಲಿ ಅಭಯಾರಣ್ಯ, 2011ರಲ್ಲಿ ಹುಲಿ ರಕ್ಷಿತಾರಣ್ಯ. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ಸಿಕ್ಕಿತು. ಅದು ದೊಡ್ಡ ಗೆಲುವೇ. ಆದರೆ ಪೋಡು ಕಾಡಿನಿಂದ ಈಚೆ ಬಂದು, ಹಿರಿಯರ ಕಲ್ಲುಗುಡಿ ಲಂಟಾನದ ಪೊದೆಯೊಳಗೆ ಆಚೆ ಉಳಿದ ಮೇಲೆ, ಭಾವನನ್ನು ಛೇಡಿಸುತ್ತಿದ್ದ ಆ ಮಾತು ಹೊಸ ಹುಡುಗರ ಬಾಯಲ್ಲಿ ಅಪರೂಪವಾಗಿದೆ. ಗೇಟು ದಾಟಿ ಕಾಣಬೇಕಾದ ದೇವರ ಬಳಿ ಸಲಿಗೆ ಎಲ್ಲಿಂದ ಬರಬೇಕು? ಕಂಸಾಳೆಯವರು ನಮ್ಮ ಅಂಗಳಕ್ಕೆ ಬಂದು ಎಷ್ಟೋ ವರ್ಷವಾಯಿತು. ಅವರನ್ನು ಈಗ ನೋಡಬೇಕಾದರೆ ಸರ್ಕಾರದ ಉತ್ಸವದ ವೇದಿಕೆಗೆ ಹೋಗಬೇಕು, ಕೊಟ್ಟ ಹತ್ತು ನಿಮಿಷದಲ್ಲಿ. ಹತ್ತು ನಿಮಿಷದಲ್ಲಿ ಕಂಸಾಳೆ ತಿರುಗಿಸಬಹುದು. ಸಂಕಮ್ಮನ ಕಟ್ಟು ಬಿಚ್ಚಲಾಗುವುದಿಲ್ಲ.

ಅಪ್ಪನಿಗೆ ಈಗ ಎಂಬತ್ತೈದು ದಾಟಿದೆ. ಈ ಸಲದ ಶಿವರಾತ್ರಿಗೆ ನಮ್ಮೂರ ಹುಡುಗರು ಮಲೆಗೆ ಹೊರಟ ರಾತ್ರಿ ಅಪ್ಪ ಜಗಲಿಯ ಮೇಲೆ ಕೂತಿದ್ದ. ಮುಂದೆ ಬಾವುಟ ಕಟ್ಟಿದ ಟೆಂಪೋ, ಅದರ ಮೇಲೆ ಸ್ಪೀಕರು, ಹಿಂದೆ ಒಂದೇ ಬಣ್ಣದ ಟೀಶರ್ಟು ಹಾಕಿದ ಹುಡುಗರು. ತಮ್ಮನೂ ಅವರ ನಡುವೆ ಇದ್ದ. ನಮ್ಮ ಜಗಲಿಯ ಕಡೆ ತಿರುಗಲಿಲ್ಲ. ಸದ್ದು ಹೆದ್ದಾರಿ ಸೇರಿ ಸಣ್ಣಗಾದ ಮೇಲೆ ಅಪ್ಪ ಕೇಳಿದ:

'ಗಂಟು ಯಾರು ಹೊತ್ತವ್ರೆ?'

'ಯಾರೂ ಹೊರಲ್ಲಪ್ಪ ಈಗ. ಎಲ್ಲಾ ಟೆಂಪೋದಲ್ಲೇ ಹೋಗ್ತದೆ.'

ಅಪ್ಪ ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡಿದ.

'ಹಂಗಾದ್ರೆ ಅವ್ವಂದಿರ ಜೊತೇಲಿ ಯಾರು ಹೋಯ್ತರೆ?' ಎಂದ.