ಗೊತ್ತಿಲ್ಲದ ಹೊಳೆಗೆ ನಾಲ್ಕು ದಿನ

ತೀರ್ಥಹಳ್ಳಿಯ ಆ ಗಣಿತದ ಮೇಷ್ಟ್ರಿಗೆ ಯಾವ ಕೆಲಸಕ್ಕೂ ಒಂದು ವೇಳಾಪಟ್ಟಿ ಇರಬೇಕು. ನಡುಮನೆಯ ಗೋಡೆಯ ಮೊಳೆಗೆ ಮಗಳ ಓದಿನ ವೇಳಾಪಟ್ಟಿ ಎರಡು ವರ್ಷ ನೇತಾಡಿತ್ತು. 2024ರ ಏಪ್ರಿಲ್‌ನಲ್ಲಿ ಸಿಇಟಿ ಮುಗಿದ ಸಂಜೆ ಮಗಳು ಅದನ್ನು ತೆಗೆದು ಮಡಿಸಿಟ್ಟಳು. ಮೊಳೆ ಹೆಚ್ಚು ದಿನ ಖಾಲಿ ಇರಲಿಲ್ಲ. ಅದೇ ವಾರ ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆಯೊಂದರ ಬೆನ್ನಿಗೆ ಗೆರೆ ಎಳೆದು ಇನ್ನೊಂದು ಪಟ್ಟಿ ಬರೆದು ಅಲ್ಲಿಗೆ ಸಿಕ್ಕಿಸಿದರು. ನಾಲ್ಕು ದಿನ, ನಾಲ್ಕು ನದಿ. ಮೊದಲ ದಿನ ಪಬ್ಬರ್, ಎರಡನೆಯ ದಿನ ಬಾಸ್ಪಾ, ಮೂರನೆಯ ದಿನ ತೀರ್ಥನ್, ಕೊನೆಯ ದಿನ ಊಹ್ಲ್. ಎಲ್ಲವೂ ಹಿಮಾಚಲ ಪ್ರದೇಶದವು, ಎಲ್ಲದರಲ್ಲೂ ಟ್ರೌಟ್ ಮೀನು ಇರುವಂಥವು, ಮನೆಯವರು ಒಂದನ್ನೂ ನೋಡದೇ ಇರುವಂಥವು.

ಈ ಹುಚ್ಚಿಗೆ ಕಾರಣ ಚಂಡೀಗಢದಲ್ಲಿ ನೌಕರಿಯಲ್ಲಿರುವ ಸೋದರಮಾವ. ಅವನ ಹತ್ತಿರ ಒಂಬತ್ತಡಿಯ ಎರಡು ಫ್ಲೈ ಗಾಳದ ಕೋಲುಗಳಿದ್ದವು, ಜೊತೆಗೆ ಹೋಗಲು ಜನರಿರಲಿಲ್ಲ. ‘ಪರೀಕ್ಷೆ ಮುಗಿಸಿ ಬಾ ಕೂಸೇ, ನಾಲ್ಕು ದಿನ ಟ್ರೌಟ್ ಹಿಡಿಯೋಣ. ಆದರೆ ಎಲ್ಲಿಗೆ, ಹೇಗೆ ಅನ್ನೋದೆಲ್ಲ ನೀನೇ ಗೊತ್ತುಮಾಡಬೇಕು’ ಎಂದಿದ್ದ. ಮೀನೆಂದರೆ ಆ ಹುಡುಗಿಗೆ ಮೊದಲಿನಿಂದ ಜೀವ. ಮಳೆಗಾಲದಲ್ಲಿ ಗದ್ದೆಗೆ ಏರಿ ಬರುವ ಹತ್ತುಮೀನಿನ ಹಿಂದೆ ಓಡಿದವಳು, ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಗಂಟೆಗಟ್ಟಲೆ ನಿಲ್ಲುವವಳು. ಮಂಗಳೂರಿನ ಮೀನುಗಾರಿಕಾ ಕಾಲೇಜು ಸೇರಬೇಕೆಂಬುದು ಅವಳ ಆಸೆ. ಅದು 1969ರಲ್ಲಿ ಆರಂಭವಾದದ್ದು, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಮೇಷ್ಟ್ರ ಆಸೆ ಬೇರೆ. ಮಗಳು ಇಂಜಿನಿಯರಾಗಬೇಕು. ‘ಮೀನು ಹಿಡಿಯಲಿಕ್ಕೆ ಪದವಿ ಯಾಕೆ?’ ಎಂದು ಒಮ್ಮೆ ಕೇಳಿದ್ದರು. ಆ ಮಾತು ಆಡಿದ ದಿನದಿಂದ ಮನೆಯಲ್ಲಿ ಯಾರೂ ಆ ವಿಷಯ ಎತ್ತಿರಲಿಲ್ಲ. ಮೌನವೂ ಒಂದು ಬಗೆಯ ಜಗಳವೇ.

ಫ್ಲೈ ಫಿಶಿಂಗ್ ಎಂಬುದು ಮಲೆನಾಡಿನವರಿಗೆ ಗೊತ್ತಿರುವ ಗಾಳವಲ್ಲ. ತೇಜಸ್ವಿಯವರ ಬರಹ ಓದಿದವರಿಗೆ ಹೊಳೆದಂಡೆಯ ಗಾಳದ ಸುಖ ಗೊತ್ತು. ಅಲ್ಲಿ ಎರೆಹುಳು ಉಂಟು, ಸೀಸದ ಗುಂಡು ಉಂಟು, ಆ ಭಾರವೇ ದಾರವನ್ನು ದೂರ ಒಯ್ಯುತ್ತದೆ. ಇಲ್ಲಿ ಅದು ಉಲ್ಟಾ. ಕೊಕ್ಕೆಗೆ ನೂಲು, ಪುಕ್ಕ, ರೋಮ ಸುತ್ತಿ ಮಾಡಿದ ಸುಳ್ಳು ಹುಳುವಿಗೆ ತೂಕವೇ ಇಲ್ಲದಷ್ಟು ಹಗುರ. ತೂಕ ಇರುವುದು ದಪ್ಪನೆಯ ದಾರದಲ್ಲಿ. ದಾರವನ್ನು ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯುವ ಒಂದು ಕ್ಷಣವೇ ವಿದ್ಯೆ. ಅವಸರ ಮಾಡಿದರೆ ದಾರ ಕಿವಿಗೆ ಸುತ್ತಿಕೊಳ್ಳುತ್ತದೆ.

ಮೇಷ್ಟ್ರ ಪಟ್ಟಿಯನ್ನು ಮಗಳು ಎರಡು ದಿನ ನೋಡಿದಳು. ಮೂರನೆಯ ದಿನ ಭೂಪಟ ಹಾಸಿಕೊಂಡು, ಅಪ್ಪ ಕಲಿಸಿದ ಗಣಿತದಿಂದಲೇ ಅಪ್ಪನ ಪಟ್ಟಿ ಹರಿದಳು. ಬೆಟ್ಟದ ರಸ್ತೆಯಲ್ಲಿ ಗಂಟೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ಸಾಗಿದರೆ ಪುಣ್ಯ. ಚಂಡೀಗಢದಿಂದ ಪಬ್ಬರ್ ದಂಡೆಯ ರೋಹ್ಡುವಿಗೆ ಎಂಟು ಗಂಟೆ, ಅಲ್ಲಿಂದ ಬಾಸ್ಪಾ ಕಣಿವೆಯ ಸಾಂಗ್ಲಾಕ್ಕೆ ಎಂಟು, ಸಾಂಗ್ಲಾದಿಂದ ತೀರ್ಥನ್‌ಗೆ ಒಂಬತ್ತು, ತೀರ್ಥನ್‌ನಿಂದ ಊಹ್ಲ್ ದಂಡೆಯ ಬರೋಟ್‌ಗೆ ಐದು, ವಾಪಸು ಚಂಡೀಗಢಕ್ಕೆ ಏಳು. ಒಟ್ಟು ಮೂವತ್ತೇಳು. ಮೇ ತಿಂಗಳ ನಾಲ್ಕು ದಿನಗಳಲ್ಲಿ ಹಗಲು ಬೆಳಕು ಐವತ್ತೆರಡು ಗಂಟೆ. ಉಳಿದ ಹದಿನೈದನ್ನು ನಾಲ್ಕು ನದಿಗೆ ಹಂಚಿದರೆ ತಲಾ ನಾಲ್ಕು ಗಂಟೆಯೂ ಇಲ್ಲ. ಊಟ, ತಿಂಡಿ, ಪರವಾನಗಿ ಎಲ್ಲ ಅದರಲ್ಲೇ.

‘ಇದು ಮೀನು ಹಿಡಿಯುವ ಪ್ರವಾಸ ಅಲ್ಲ ಅಪ್ಪಾ, ಬಸ್ ಹಿಡಿಯುವ ಪ್ರವಾಸ’ ಎಂದಳು. ಮೇಷ್ಟ್ರು ಕನ್ನಡಕ ಏರಿಸಿ ಲೆಕ್ಕವನ್ನು ಎರಡು ಸಲ ಪರೀಕ್ಷಿಸಿದರು. ತಪ್ಪು ಸಿಗಲಿಲ್ಲ.

ಮೂರು ನದಿಗಳಿಗೆ ಅಡ್ಡಗೆರೆ ಬಿತ್ತು. ಉಳಿದದ್ದು ಕುಲ್ಲೂ ಜಿಲ್ಲೆಯ ತೀರ್ಥನ್. ತೀರ್ಥಹಳ್ಳಿಯ ಹುಡುಗಿ ಹೆಸರು ನೋಡಿ ಆರಿಸಿದಳೆಂದು ಮಾವ ನಕ್ಕನಂತೆ. ಅವಳ ಕಾರಣಗಳು ಬೇರೆ. ಚಂಡೀಗಢದಿಂದ ಮನಾಲಿಗೆ ಹೋಗುವ ರಾತ್ರಿ ಬಸ್ಸು ಹತ್ತಿ ಸುರಂಗದ ಬಾಯಲ್ಲಿರುವ ಔಟ್‌ನಲ್ಲಿ ಇಳಿದರೆ, ಅಲ್ಲಿಂದ ಬಂಜಾರ್ ದಾರಿಯಾಗಿ ಗುಶೈನಿಗೆ ಹೋಗಬಹುದು. ನದಿ ಹುಟ್ಟಿ ಬರುವುದು 2014ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿಂದ. ಮುಖ್ಯ ಹೊಳೆ ಕೈಕೊಟ್ಟರೆ ಗುಶೈನಿಯ ಹತ್ತಿರವೇ ಬಂದು ಸೇರುವ ಫಲಾಚನ್ ಎಂಬ ಉಪಹೊಳೆ ಇದೆ. ಗೊತ್ತಿಲ್ಲದ ಊರಿಗೆ ಹೋಗುವವನು ಒಂದೇ ಬಾಗಿಲಿರುವ ಮನೆಯಲ್ಲಿ ಇಳಿಯಬಾರದು ಎಂಬುದು ಅವಳ ವಾದ.

ಇನ್ನು ಕಾಲದ ಪ್ರಶ್ನೆ. ನವೆಂಬರ್ ಆರಂಭದಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿನ ಟ್ರೌಟ್ ಹೊಳೆಗಳಲ್ಲಿ ಮೀನು ಹಿಡಿಯುವಂತಿಲ್ಲ, ಅದು ಮೊಟ್ಟೆಯ ಕಾಲ. ಜುಲೈ-ಆಗಸ್ಟ್‌ನಲ್ಲಿ ಮಳೆಯ ಕೆಸರು. ಮೇ ತಿಂಗಳಲ್ಲಿ ಅನುಮತಿಯಿದೆ, ಆದರೆ ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ. ಮಧ್ಯಾಹ್ನ ಕರಗಿದ್ದು ಸಂಜೆಯ ಹೊತ್ತಿಗೆ ಕೆಳಗೆ ಬಂದು ಹೊಳೆಯನ್ನು ಉಬ್ಬಿಸಿ ಬೂದಿಬಣ್ಣಕ್ಕೆ ತಿರುಗಿಸುತ್ತದೆ. ರಾತ್ರಿಯ ಚಳಿಗೆ ಕರಗುವುದು ನಿಂತು ಬೆಳಿಗ್ಗೆ ಮತ್ತೆ ನೀರು ಇಳಿದು ತಿಳಿಯಾಗುತ್ತದೆ. ಹಾಗಾಗಿ ಗಾಳ ಹಾಕುವುದು ಬೆಳಿಗ್ಗೆ ಮಾತ್ರ ಎಂದು ಬರೆದುಕೊಂಡಳು. ಹಳೆಯ ಪುಸ್ತಕಗಳಲ್ಲಿ ಹೇಳಿದ ಮಡುಗಳನ್ನು ನಂಬಿ ಹೋಗಬಾರದು ಎಂದೂ ಬರೆದುಕೊಂಡಳು. 2023ರ ಜುಲೈ ಪ್ರವಾಹ ಕುಲ್ಲೂ ಜಿಲ್ಲೆಯಲ್ಲಿ ಎಷ್ಟೋ ಕಡೆ ಹೊಳೆಪಾತ್ರವನ್ನೇ ಬದಲಿಸಿತ್ತು. ಇಳಿದುಕೊಳ್ಳುವ ಮನೆಯವರಿಗೆ ಫೋನು ಮಾಡಿ, ತನ್ನ ಹರಕುಮುರುಕು ಹಿಂದಿಯಲ್ಲಿ, ‘ಈಗ ನೀರು ಯಾವ ಬಣ್ಣ?’ ಎಂದು ಕೇಳಿದಳು. ಅಡುಗೆಮನೆಯಿಂದ ಕೇಳಿಸಿಕೊಂಡ ತಾಯಿಗೆ ನಗು ಬಂತು.

ನಗು ಅಲ್ಲಿಗೇ ನಿಂತಿತು. ತಾಯಿಗೆ ಔಟ್ ಎಂಬ ಹೆಸರು ಗೊತ್ತಿರಲಿಲ್ಲ, ಲಾರ್ಜಿ ಎಂಬ ಹೆಸರು ನೆನಪಿತ್ತು. 2014ರ ಜೂನ್ 8ರ ಸಂಜೆ ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗೆ ಬಿಯಾಸ್ ನದಿಯ ಬಂಡೆಗಳ ಮೇಲೆ ಫೋಟೋ ತೆಗೆಯುತ್ತಿದ್ದ ಮಕ್ಕಳನ್ನು ಕೊಚ್ಚಿಕೊಂಡು ಹೋಗಿತ್ತು. ಹೈದರಾಬಾದಿನಿಂದ ಪ್ರವಾಸ ಬಂದಿದ್ದ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಟಿವಿಯಲ್ಲಿ ಆ ದೃಶ್ಯವನ್ನು ನೋಡಿ ಆಕೆ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಗ ಮಗಳಿಗೆ ಏಳು ವರ್ಷ.

‘ಹೊಳೆ ಅಂದರೆ ಏನು ಅಂತ ನನಗೆ ಹೇಳಿಕೊಡಬೇಡಿ ಮಾರಾಯ್ರೇ. ತುಂಗೆಯ ದಂಡೆಯಲ್ಲೇ ಹುಟ್ಟಿದವಳು ನಾನು. ಕಳಿಸೋದಿಲ್ಲ’ ಎಂದರು.

ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಮಗಳೂ ವಾದ ಮಾಡಲಿಲ್ಲ. ರಾತ್ರಿ ಕೂತು ಇನ್ನೊಂದು ಹಾಳೆ ಬರೆದು ಬೆಳಿಗ್ಗೆ ತಾಯಿಯ ಮುಂದಿಟ್ಟಳು. ಬಿಯಾಸ್ ನದಿಗೆ ಇಳಿಯುವುದೇ ಇಲ್ಲ. ಅಣೆಕಟ್ಟೆಯ ಕೆಳಗೆ ಎಲ್ಲೂ ನಿಲ್ಲುವುದಿಲ್ಲ, ಗುಶೈನಿ ಇರುವುದು ಲಾರ್ಜಿಗಿಂತ ಎಷ್ಟೋ ಮೇಲೆ. ಮೊಣಕಾಲಿಗಿಂತ ಆಳಕ್ಕೆ ಹೋಗುವುದಿಲ್ಲ. ಒಬ್ಬರು ಯಾವಾಗಲೂ ದಂಡೆಯ ಮೇಲೆ ಇರಬೇಕು. ನೀರಿನ ಬಣ್ಣ ಬದಲಾದರೆ, ಕಸಕಡ್ಡಿ ತೇಲಿ ಬರತೊಡಗಿದರೆ, ಮೀನು ಕೊಕ್ಕೆಯಲ್ಲಿದ್ದರೂ ಬಿಟ್ಟು ಮೇಲೇರಬೇಕು. ತಾಯಿ ಎರಡು ಸಲ ಓದಿದರು. ಕೆಳಗೆ ತಾವೇ ಒಂದು ಸಾಲು ಸೇರಿಸಿದರು: ‘ದಂಡೆಯ ಮೇಲೆ ಇರುವವರು ಇವಳ ಅಪ್ಪ.’ ಹೀಗೆ ಮೇಷ್ಟ್ರಿಗೂ ಟಿಕೆಟ್ ಆಯಿತು.

ಹೊರಡುವ ಮುನ್ನ ಮೇಷ್ಟ್ರು ಕೊನೆಯ ಸಲ ಮಗಳ ಪಟ್ಟಿ ನೋಡಿದರು. ಮೂರು ದಿನಗಳ ವಿವರ ಇತ್ತು, ನಾಲ್ಕನೆಯ ದಿನದ ಮುಂದೆ ಏನೂ ಇರಲಿಲ್ಲ. ‘ಇದನ್ನು ತುಂಬಿಲ್ಲವಲ್ಲ?’ ಎಂದರು. ‘ಅದು ಹಾಗೇ ಇರಲಿ. ಮೂರು ದಿನ ನೋಡಿದ ಮೇಲೆ ಗೊತ್ತಾಗುತ್ತದೆ’ ಎಂದಳು. ಖಾಲಿ ಜಾಗಕ್ಕೆ ಅಂಕ ಕೊಟ್ಟು ಅಭ್ಯಾಸವಿಲ್ಲದ ಮೇಷ್ಟ್ರು ಸುಮ್ಮನಾದರು.

ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ರೈಲು. ಎರಡು ರಾತ್ರಿಯ ಆ ದಾರಿಯಲ್ಲಿ ಮಗಳು ಅಪ್ಪನಿಗೆ ಟ್ರೌಟ್ ಮೀನಿನ ಕತೆ ಹೇಳಿದಳು. ಅದು ಈ ದೇಶದ ಮೀನೇ ಅಲ್ಲ. 1899ರಲ್ಲಿ ಕಾಶ್ಮೀರಕ್ಕೆಂದು ಬ್ರಿಟನ್ನಿನಿಂದ ಕಳಿಸಿದ ಮೊಟ್ಟೆಗಳು ದಾರಿಯಲ್ಲೇ ಸತ್ತವು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಎರಡನೆಯ ಕಂತು ಬದುಕಿತು. ಅಲ್ಲಿ ಬೆಳೆದ ಮೀನಿನ ಸಂತಾನ 1909ರಲ್ಲಿ ಕುಲ್ಲೂ ಕಣಿವೆಗೆ ಬಂತು. ಅಲ್ಲಿನ ಮೂಲನಿವಾಸಿ ಮೀನನ್ನು ಬ್ರಿಟಿಷರು ಸ್ನೋ ಟ್ರೌಟ್ ಎಂದು ಕರೆದರು, ಆದರೆ ಅದು ಟ್ರೌಟ್ ಅಲ್ಲ. ಅದು ಕಾರ್ಪ್ ಕುಲದ್ದು, ಚಿಪ್ಪಲಗುಡ್ಡೆಯ ಮೀನುಗಳಿಗೆ ದೂರದ ನೆಂಟ. ಹೊರಗಿನಿಂದ ಬಂದ ಟ್ರೌಟ್ ಅದರ ಜಾಗ, ಆಹಾರ ಎರಡಕ್ಕೂ ಪೈಪೋಟಿಗಿಳಿಯಿತು. ‘ಹಾಗಾದರೆ ಟ್ರೌಟ್ ಇರುವುದು ಒಳ್ಳೆಯದೋ ಕೆಟ್ಟದ್ದೋ?’ ಎಂದು ಮೇಷ್ಟ್ರು ಕೇಳಿದರು. ‘ಅದನ್ನೇ ಓದಬೇಕು ಅಂತಿರೋದು’ ಎಂದು ಮಗಳು ಕಿಟಕಿಯ ಕಡೆ ತಿರುಗಿದಳು. ಮಾಘದಿಂದ ಮುಚ್ಚಿಟ್ಟಿದ್ದ ವಿಷಯ ರೈಲಿನಲ್ಲಿ ಹೀಗೆ ಹೊರಗೆ ಬಂತು. ಇಬ್ಬರೂ ಅದನ್ನು ಮುಂದುವರಿಸಲಿಲ್ಲ.

ಮೊದಲ ದಿನ ಗುಶೈನಿ ತಲುಪಿ, ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು, ಹೊಳೆಗೆ ಹೋಗುವಾಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಮಾತ್ರ ಎಂದು ಬರೆದಿದ್ದರೂ ಮಾವನಿಗೆ ತಡೆಯಲಾಗಲಿಲ್ಲ. ಹೊಳೆ ಬೂದಿಬಣ್ಣಕ್ಕೆ ತಿರುಗಿ ಉಬ್ಬುತ್ತಿತ್ತು. ಹತ್ತು ಬಗೆಯ ಫ್ಲೈ ಬದಲಿಸಿದರೂ ಒಂದು ಮೀನೂ ಮೂಸಲಿಲ್ಲ. ‘ಇವತ್ತು ಸೊನ್ನೆ’ ಎಂದು ಮೇಷ್ಟ್ರು ದಂಡೆಯಿಂದ ಘೋಷಿಸಿದರು.

ಮರುದಿನ ಬೆಳಿಗ್ಗೆ ಆರಕ್ಕೆ ನೀರು ಗಾಜಿನಂತಿತ್ತು. ಮಾವ ದಾರ ಬೀಸತೊಡಗಿದ. ಮಗಳು ಗಾಳದ ಕೋಲನ್ನು ಮರಕ್ಕೆ ಒರಗಿಸಿ, ನೀರಿಗೆ ಕೈಹಾಕಿ ಕಲ್ಲುಗಳನ್ನು ಒಂದೊಂದಾಗಿ ಮಗುಚಿ ನೋಡತೊಡಗಿದಳು. ಕಲ್ಲಿನ ಅಡಿಯಲ್ಲಿ ಹುಳುಗಳ ಸಂಸಾರವೇ ಇತ್ತು. ಎರಡು ಬಾಲದ್ದು, ಮೂರು ಬಾಲದ್ದು, ಮರಳಿನ ಕಣ ಅಂಟಿಸಿಕೊಂಡು ತನಗೊಂದು ಕೊಳವೆ ಕಟ್ಟಿಕೊಂಡದ್ದು. ಎಲ್ಲವನ್ನೂ ನೋಡಿ, ಬರೆದುಕೊಂಡು, ಕಲ್ಲನ್ನು ಇದ್ದ ಹಾಗೆಯೇ ಇಟ್ಟಳು. ಹೀಗೆ ಒಂದೂವರೆ ಗಂಟೆ. ಎರಡು ವರ್ಷ ಅವಳನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕೂರಿಸುತ್ತಿದ್ದ ಮೇಷ್ಟ್ರು, ಯಾರೂ ಹೇಳದೆ ಅವಳು ಹೀಗೆ ಕೂತದ್ದನ್ನು ಬಂಡೆಯ ಮೇಲಿನಿಂದ ನೋಡುತ್ತಿದ್ದರು.

ಆಮೇಲೆ ಡಬ್ಬಿಯಿಂದ ಕಂದುಬಣ್ಣದ ಸಣ್ಣ ಫ್ಲೈ ಒಂದನ್ನು ಆರಿಸಿ ಕಟ್ಟಿದಳು. ಆಹಾರ ತೇಲಿ ಬರುವ ದಿಕ್ಕಿಗೆ, ಅಂದರೆ ಪ್ರವಾಹಕ್ಕೆ ಎದುರಾಗಿ, ಟ್ರೌಟ್ ಮುಖ ಮಾಡಿರುತ್ತದೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ, ನೆರಳು ಬೀಳದಂತೆ ಹೋಗಬೇಕು. ಎರಡು ಸಲ ದಾರ ಮರಕ್ಕೆ ಸಿಕ್ಕಿತು. ಒಂದು ಸಲ ಅಪ್ಪನ ಟೊಪ್ಪಿಗೆಗೆ ಸಿಕ್ಕಿತು. ಹತ್ತು ಗಂಟೆಯ ಸುಮಾರಿಗೆ, ದೊಡ್ಡ ಬಂಡೆಯ ಪಕ್ಕದ ನೀರಿನಲ್ಲಿ ದಾರ ಇದ್ದಕ್ಕಿದ್ದಂತೆ ನಿಂತಿತು. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಕಂದು ಟ್ರೌಟ್. ಮೈಮೇಲೆ ಕಪ್ಪು ಮತ್ತು ಕೆಂಪು ಚುಕ್ಕೆ. ಒಣಗಿದ ಕೈಯಿಂದ ಮುಟ್ಟಿದರೆ ಮೀನಿನ ಮೈಯ ಲೋಳೆ ಹೋಗುತ್ತದೆಂದು ಅವಳು ಕೈ ಒದ್ದೆ ಮಾಡಿಕೊಂಡೇ ಹಿಡಿದಳು. ಕೊಕ್ಕೆ ತೆಗೆದು, ನೀರಿನಲ್ಲಿ ತಲೆ ಪ್ರವಾಹದ ಕಡೆಗೆ ಮಾಡಿ ಹಿಡಿದಾಗ ಅದು ಒಂದು ಗಳಿಗೆ ಯೋಚಿಸಿದಂತೆ ನಿಂತು ಹೊರಟುಹೋಯಿತು. ‘ಬಿಟ್ಟೆಯಾ?’ ಎಂದರು ಮೇಷ್ಟ್ರು. ಸಾವಿರಾರು ಮೈಲಿ ಬಂದದ್ದು ಇದಕ್ಕೋ ಎಂಬ ಪ್ರಶ್ನೆ ಗಂಟಲಿನವರೆಗೆ ಬಂದು ಅಲ್ಲೇ ಉಳಿಯಿತು.

ಆ ರಾತ್ರಿ ಮಳೆ ಬಂತು. ಮೂರನೆಯ ದಿನ ತೀರ್ಥನ್ ಕೆಂಪಾಗಿತ್ತು. ಮಗಳು ಪಟ್ಟಿ ತೋರಿಸಿದಳು: ‘ಮಳೆ ಬಂದರೆ ಫಲಾಚನ್.’ ಆ ಉಪಹೊಳೆ ಬೇಗ ತಿಳಿಯಾಗಿತ್ತು. ಮಾವನಿಗೆ ಎರಡು ಮೀನು ಸಿಕ್ಕವು. ಮೇಷ್ಟ್ರೂ ಒಮ್ಮೆ ಗಾಳದ ಕೋಲು ಹಿಡಿದರು. ‘ತಡೀರಿ ಭಾವ, ದಾರ ಹಿಂದೆ ಹೋಗಲಿ, ಅವಸರ ಮಾಡಬೇಡಿ’ ಎಂದು ಮಾವ ಹೇಳುತ್ತಲೇ ಇದ್ದ. ಮೇಷ್ಟ್ರಿಗೆ ಮೀನು ಸಿಗಲಿಲ್ಲ.

ಖಾಲಿ ಬಿಟ್ಟಿದ್ದ ನಾಲ್ಕನೆಯ ದಿನ ಮಗಳು ಗಾಳ ಮುಟ್ಟಲಿಲ್ಲ. ಕಣಿವೆಯಲ್ಲಿದ್ದ ಟ್ರೌಟ್ ಸಾಕಣೆ ಕೇಂದ್ರಕ್ಕೆ ಹೋದಳು. ಉದ್ದನೆಯ ಸಿಮೆಂಟು ತೊಟ್ಟಿಗಳಲ್ಲಿ ಹೊಳೆಯ ನೀರು ಹರಿಯುತ್ತಿತ್ತು, ಚಳಿಗಾಲದಲ್ಲಿ ಮೊಟ್ಟೆಯೊಡೆದ ಮರಿಗಳು ಅದರಲ್ಲಿದ್ದವು. ಅಲ್ಲಿದ್ದ ಹಿರಿಯ ಕೆಲಸಗಾರನೊಬ್ಬನನ್ನು ಅವಳು ಪ್ರಶ್ನೆಗಳಿಂದ ಮುತ್ತಿದಳು. ನೀರು ಎಷ್ಟು ಬೆಚ್ಚಗಾದರೆ ಮರಿ ಸಾಯುತ್ತದೆ? ಕೆಸರು ಬಂದಾಗ ಏನು ಮಾಡುತ್ತೀರಿ? ಪ್ರವಾಹ ಬಂದಾಗ? ಆತ ಮೊದಲು ಚುಟುಕಾಗಿ, ಆಮೇಲೆ ಸ್ಟೂಲು ಹಾಕಿ ಕೂತು ಉತ್ತರ ಹೇಳಿದ. ಎರಡು ಗಂಟೆ ಕಳೆಯಿತು. ಮೇಷ್ಟ್ರಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ಮೂವತ್ತು ವರ್ಷ ತರಗತಿಯಲ್ಲಿ ನಿಂತವರಿಗೆ, ಅಂಕಕ್ಕಾಗಿ ಕೇಳುವ ಪ್ರಶ್ನೆಗೂ ತಿಳಿಯಬೇಕೆಂದು ಕೇಳುವ ಪ್ರಶ್ನೆಗೂ ಇರುವ ವ್ಯತ್ಯಾಸ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ.

ಜೂನ್‌ನಲ್ಲಿ ಸಿಇಟಿ ಫಲಿತಾಂಶ ಬಂತು. ಕೋರ್ಸು, ಕಾಲೇಜುಗಳ ಆಯ್ಕೆಯನ್ನು ಕಂಪ್ಯೂಟರಿಗೆ ತುಂಬುವ ಮೊದಲು ಮೇಷ್ಟ್ರು ಎಂದಿನಂತೆ ಒಂದು ಹಾಳೆ ತೆಗೆದು ಗೆರೆ ಎಳೆದರು. ಇಂಜಿನಿಯರಿಂಗ್ ಕಾಲೇಜುಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದರು. ತಾಯಿ ಕಾಫಿ ತಂದಿಟ್ಟು ಹಾಳೆ ನೋಡಿದರು. ಪಟ್ಟಿ ಆರಂಭವಾದದ್ದು ಎರಡನೆಯ ಸಂಖ್ಯೆಯಿಂದ. ಒಂದನೆಯದರ ಮುಂದೆ ಏನೂ ಇರಲಿಲ್ಲ.

‘ಇದೇನ್ರೀ, ಇದನ್ನು ತುಂಬಿಲ್ಲವಲ್ಲ?’

‘ಅದು ಅವಳು ತುಂಬಲಿ’ ಎಂದು ಮೇಷ್ಟ್ರು ಪೆನ್ನನ್ನು ಹಾಳೆಯ ಮೇಲಿಟ್ಟು ಎದ್ದರು.