ಕಲ್ಲಿದ್ದಲು ಗಾಡಿಗೆ ಹೋಗಲೊಂದು ಊರಿದೆ

ಪ್ರೀತಿಯ ಗೆಳೆಯಾ,

ಬಣ್ಣಬಣ್ಣದ ಎಕ್ಸ್‌ಪ್ರೆಸ್ ಗಾಡಿಗಳ ಮಾದರಿ ಇಷ್ಟೊಂದು ಸಿಗುವಾಗ ಈ ಕರಿ ಗೂಡ್ಸನ್ನೇ ಯಾಕೆ ಹಿಡಿದು ಕೂತಿದ್ದೀಯ ಎಂದು ಕೇಳಿದ್ದೀಯ. ಶಕ್ತಿನಗರದ ಕಾಲನಿಯಲ್ಲಿ ಬೆಳೆದವನು ನೀನು. ಸಿಂಗರೇಣಿಯ ಕಲ್ಲಿದ್ದಲು ಹೊತ್ತ ರೇಕುಗಳು ರಾಯಚೂರು ಶಾಖೋತ್ಪನ್ನ ಕೇಂದ್ರದೊಳಕ್ಕೆ ಹೋಗುವುದನ್ನು ಹುಡುಗನಾಗಿದ್ದಾಗಿನಿಂದ ನೋಡಿದವನಿಗೆ ಅದರಲ್ಲೇನು ಚಂದ ಅನ್ನಿಸುವುದು ಸಹಜ. ಆದರೆ ಅರ್ಧ ಉತ್ತರ ನಿನ್ನೂರಲ್ಲೇ ಇದೆ. ಆ ಗಾಡಿ ತುಂಬಿ ಬರುತ್ತಿತ್ತು, ಖಾಲಿಯಾಗಿ ಹೋಗುತ್ತಿತ್ತು. ಯಾಕೆ ಬಂತು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮಾದರಿ ರೈಲು ಕಟ್ಟುವವರಿಗೆ ಎದುರಾಗುವ ದೊಡ್ಡ ಕಷ್ಟ ಇದೇ. ಕೋಣೆಯಲ್ಲಿ ಹಳಿ ಹಾಸಿ, ಗುಡ್ಡ ಕಟ್ಟಿ, ಸ್ವಿಚ್ ಒತ್ತಿದರೆ ಗಾಡಿ ಸುತ್ತುತ್ತದೆ. ಸುತ್ತಿ ಎಲ್ಲಿಗೆ ಹೋಗಬೇಕು? ಹೋಗಲು ಊರಿಲ್ಲದ ಗಾಡಿಯನ್ನು ಎಷ್ಟು ಹೊತ್ತು ನೋಡಿಯಾನು ಮನುಷ್ಯ! ಕಲ್ಲಿದ್ದಲು ಗಾಡಿಗೆ ಆ ಕೊರತೆ ಇಲ್ಲ. ಒಂದು ತುದಿಯಲ್ಲಿ ಗಣಿ, ಇನ್ನೊಂದು ತುದಿಯಲ್ಲಿ ಬಂದರೋ ವಿದ್ಯುತ್ ಸ್ಥಾವರವೋ. ನಡುವೆ ಬೆಟ್ಟ. ಇಷ್ಟಿದ್ದರೆ ಒಂದು ಇಡೀ ರೈಲ್ವೆಯ ಬದುಕು ಕೋಣೆಯೊಳಗೆ ಬಂದುಬಿಡುತ್ತದೆ.

ನಾನು ಕಟ್ಟುತ್ತಿರುವುದು ಅಮೆರಿಕದ ಅಪಲೇಚಿಯನ್ ಬೆಟ್ಟಗಳ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯನ್ನು, 1950ರ ದಶಕದಲ್ಲಿ ಅದು ಇದ್ದ ಹಾಗೆ. 1883ರಲ್ಲಿ ಪೊಕಹಾಂಟಸ್ ಗಣಿ ಪ್ರದೇಶದ ಮೊದಲ ಕಲ್ಲಿದ್ದಲನ್ನು ಸಮುದ್ರದಂಡೆಯ ನಾರ್ಫೋಕಿಗೆ ತಂದು ಮುಟ್ಟಿಸಿದ ರೈಲ್ವೆ ಅದು. ವೆಸ್ಟ್ ವರ್ಜೀನಿಯಾದ ಇಕ್ಕಟ್ಟಾದ ಕಣಿವೆಗಳೊಳಗೆ ಚಿಕ್ಕ ಗಾಡಿಗಳು ಹೋಗಿ, ಗಣಿ ಗಣಿಗೂ ಖಾಲಿ ವ್ಯಾಗನ್ ಬಿಟ್ಟು, ತುಂಬಿದವನ್ನು ಹೆಕ್ಕಿಕೊಂಡು ಬ್ಲೂಫೀಲ್ಡ್ ಯಾರ್ಡಿಗೆ ತರುತ್ತಿದ್ದವು. ಅಲ್ಲಿ ಉದ್ದನೆಯ ಗಾಡಿ ಕಟ್ಟಿ ಪೂರ್ವಕ್ಕೆ ಕಳಿಸಿದರೆ ರೊನೋಕ್ ದಾಟಿ, ಬ್ಲೂ ರಿಡ್ಜ್ ಏರು ಹತ್ತಿ, ನಾರ್ಫೋಕಿನ ಲ್ಯಾಂಬರ್ಟ್ಸ್ ಪಾಯಿಂಟಿನ ಹಡಗುಗಳ ತನಕ. ಆ ಏರಿನಲ್ಲಿ ಮುಂದಿನ ಎಂಜಿನ್ ಒಂದೇ ಸಾಲದು, ಹಿಂದಿನಿಂದಲೂ ಒಂದು ತಳ್ಳಬೇಕು. ತಳ್ಳುವ ಕೆಲಸಕ್ಕೆ ನಿಲ್ಲುತ್ತಿದ್ದದ್ದು ವೈ6 ವರ್ಗದ ಉಗಿಯಂತ್ರ: ಒಂದೇ ಬಾಯ್ಲರಿನ ಕೆಳಗೆ ಎರಡು ಜೊತೆ ಸಿಲಿಂಡರು, ಹದಿನಾರು ಚಾಲಕ ಚಕ್ರ. ರೊನೋಕ್‌ನ ತಮ್ಮದೇ ಕಾರ್ಖಾನೆಯಲ್ಲಿ 1952ರವರೆಗೂ ಅವನ್ನು ಕಟ್ಟಿದರು. ಉಳಿದವರಲ್ಲಿ ಹೆಚ್ಚಿನವರು ಡೀಸೆಲ್‌ಗೆ ಹೊರಳಿದರೂ ಈ ರೈಲ್ವೆ 1960ರ ತನಕ ಉಗಿಯನ್ನು ಬಿಡಲಿಲ್ಲ. ಹೊರುವುದೂ ಕಲ್ಲಿದ್ದಲು, ಉರಿಸುವುದೂ ಕಲ್ಲಿದ್ದಲು. ಒಂದು ರೈಲ್ವೆ ತನ್ನ ಸರಕನ್ನು ಇಷ್ಟು ನೆಚ್ಚಿಕೊಂಡದ್ದು ನನಗೆ ಬಹಳ ಇಷ್ಟ.

ಇನ್ನು ವ್ಯಾಗನ್ನಿನ ಮಾತು. ಮುಚ್ಚಿದ ಡಬ್ಬಿಯಲ್ಲಿ ಸಕ್ಕರೆ ಇದೆಯೋ ಗೋಧಿ ಇದೆಯೋ, ಏನೂ ಇಲ್ಲವೋ, ನೋಡುವವನಿಗೆ ತಿಳಿಯದು. ಕಲ್ಲಿದ್ದಲು ಹೊರುವ ಹಾಪರ್ ವ್ಯಾಗನ್ನಿಗೆ ಚಾವಣಿಯೇ ಇಲ್ಲ. ತುಂಬಿದೆಯೋ ಖಾಲಿಯೋ ಎಂಬುದು ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಗಾಡಿ ಯಾವ ಕಡೆಯಿಂದ ಬಂತು ಎಂಬುದೂ ಗೊತ್ತಾಗುತ್ತದೆ. ಇಲ್ಲಿ ಸುಳ್ಳು ಹೇಳುವಂತಿಲ್ಲ. ಗಣಿಗೆ ತುಂಬಿದ ವ್ಯಾಗನ್ ವಾಪಸು ಹೋದರೆ ಇಡೀ ಲೇಔಟ್, ಅಂದರೆ ಕೋಣೆಯಲ್ಲಿ ಕಟ್ಟಿದ ಮಾದರಿಯೇ, ಸುಳ್ಳಾಗುತ್ತದೆ. ಇದಕ್ಕೆ ಹಿಂದಿನವರು ಒಂದು ಸೊಗಸಾದ ಉಪಾಯ ಕಂಡುಕೊಂಡಿದ್ದಾರೆ. ನಡುವೆ ಆಕಾಶ ಬರೆದ ಒಂದು ಹಲಗೆ ನಿಲ್ಲಿಸಿ, ಈಚೆ ಗಣಿ, ಆಚೆ ವಿದ್ಯುತ್ ಸ್ಥಾವರ ಕಟ್ಟುತ್ತಾರೆ. ಎರಡು ಹಳಿಗಳು ಹಲಗೆಯನ್ನು ತೂರಿ ಎರಡೂ ಕಟ್ಟಡಗಳನ್ನು ಸೇರಿಸುತ್ತವೆ. ಸ್ಥಾವರದೊಳಗೆ ತಳ್ಳಿದ ತುಂಬಿದ ವ್ಯಾಗನ್ನುಗಳು ಹಲಗೆಯಾಚೆ ಗಣಿಯ ಕೆಳಗಿನಿಂದ, ಈಗಷ್ಟೇ ತುಂಬಿದವೆಂಬಂತೆ, ಹೊರಬರುತ್ತವೆ. ಗಣಿಗೆ ತಳ್ಳಿದ ಖಾಲಿಗಳು ಅದೇ ರೀತಿ ಸ್ಥಾವರದ ಬಾಗಿಲಲ್ಲಿ ಕಾಣಿಸುತ್ತವೆ. ತುಂಬಿದ್ದು ಯಾವತ್ತೂ ಒಂದೇ ದಿಕ್ಕಿಗೆ ಓಡುತ್ತಿರುತ್ತದೆ, ಒಂದು ಹರಳನ್ನೂ ಕೈಯಿಂದ ಮುಟ್ಟಬೇಕಾಗಿಲ್ಲ.

ಕಲ್ಲಿದ್ದಲು ಗಾಡಿಯ ನಿಧಾನಗತಿಯೂ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಎಚ್‌ಒ ಸ್ಕೇಲಿನಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಗಂಟೆಗೆ 96 ಕಿ.ಮೀ. ಓಡುವ ಎಕ್ಸ್‌ಪ್ರೆಸ್ಸನ್ನು ಆ ಅಳತೆಗೆ ಇಳಿಸಿದರೆ ಸೆಕೆಂಡಿಗೆ 30 ಸೆಂ.ಮೀ. ಆಯಿತು. 4 ಮೀಟರ್ ಗೋಡೆಯನ್ನು ಹದಿಮೂರೇ ಸೆಕೆಂಡಿನಲ್ಲಿ ಮುಗಿಸಿಬಿಡುತ್ತದೆ. ಏರು ಹತ್ತುವ ಕಲ್ಲಿದ್ದಲು ಗಾಡಿ ಗಂಟೆಗೆ 24 ಕಿ.ಮೀ. ಲೆಕ್ಕದಲ್ಲಿ ಹೋದರೆ ಅದೇ ಗೋಡೆಗೆ 50 ಸೆಕೆಂಡಿಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಚಿಕ್ಕ ಕೋಣೆ ತಾನಾಗಿ ದೊಡ್ಡದಾಗುತ್ತದೆ. ಅಲ್ಲದೆ ಪ್ರಯಾಣಿಕರ ಬೋಗಿ ಈ ಸ್ಕೇಲಿನಲ್ಲಿ ಒಂದೊಂದೂ 30 ಸೆಂ.ಮೀ. ಉದ್ದ. ಆ ಕಾಲದ ಎರಡು ತೂಬಿನ ಹಾಪರ್ 12 ಸೆಂ.ಮೀ. ಮಾತ್ರ. ಎಂಟು ಬೋಗಿ ಹಿಡಿಯುವ ಜಾಗದಲ್ಲಿ ಇಪ್ಪತ್ತು ವ್ಯಾಗನ್ ನಿಲ್ಲುತ್ತವೆ, ಮತ್ತು ಇಪ್ಪತ್ತು ಕಪ್ಪು ವ್ಯಾಗನ್ನುಗಳು ಸಾಲಾಗಿ ತಿರುವಿನಲ್ಲಿ ಬಾಗಿದರೆ ಕಣ್ಣು ಎಣಿಸಲು ಹೋಗುವುದಿಲ್ಲ, ಉದ್ದ ಗಾಡಿ ಎಂದು ಒಪ್ಪಿಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಕಲ್ಲಿದ್ದಲು ತುಂಬುವುದು. ವ್ಯಾಗನ್ನಿನ ಜೊತೆ ಬರುವ ಪ್ಲಾಸ್ಟಿಕ್ ಹೊರೆ ಮಿರಿಮಿರಿ ಮಿಂಚುತ್ತದೆ, ನನಗದು ಒಗ್ಗುವುದಿಲ್ಲ. ನಿಜವಾದ ಕಲ್ಲಿದ್ದಲಿನ ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಬೇರೆಬೇರೆ ಜರಡಿಗಳಲ್ಲಿ ಹಿಡಿಯುತ್ತೇನೆ. ಅಪಲೇಚಿಯನ್ ಗಣಿಗಳಲ್ಲಿ ವ್ಯಾಗನ್ ತುಂಬುವ ಟಿಪಲ್ ಎಂಬ ಕಟ್ಟಡದಲ್ಲೂ ಇದೇ ನಡೆಯುತ್ತಿತ್ತು: ಜಾಲರಿಗಳಲ್ಲಿ ಗಾತ್ರ ಬೇರ್ಪಡಿಸಿ, ದಪ್ಪ ಹೆಂಟೆ ಒಂದು ಹಳಿಗೆ, ನಡುಗಾತ್ರ ಇನ್ನೊಂದಕ್ಕೆ, ಹುಡಿ ಮತ್ತೊಂದಕ್ಕೆ ಇಳಿಸುತ್ತಿದ್ದರು. 15 ಸೆಂ.ಮೀ. ಹೆಂಟೆ ನಮ್ಮ ಸ್ಕೇಲಿನಲ್ಲಿ ಸಾಸಿವೆ ಕಾಳಿನಷ್ಟು. ವ್ಯಾಗನ್ನಿನೊಳಗೆ ಕೂರುವಂತೆ ಥರ್ಮೊಕೋಲ್ ಕತ್ತರಿಸಿ, ಮೇಲ್ಮೈಯನ್ನು ಒಂದರ ಹಿಂದೊಂದು ಗುಡ್ಡೆಯಾಗಿ ಕೆತ್ತುತ್ತೇನೆ. ತೂಬಿನ ಕೆಳಗೆ ವ್ಯಾಗನ್ ಸರಿಯುತ್ತಾ ಹೋಗುವಾಗ ರಾಶಿ ಬೀಳುವುದೇ ಹಾಗೆ. ಕಪ್ಪು ಬಳಿದು, ಒಂದು ಕಬ್ಬಿಣದ ನಟ್ ಹುದುಗಿಸಿ, ಬಿಳಿ ಅಂಟಿನ ಮೇಲೆ ಹರಳು ಉದುರಿಸುತ್ತೇನೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಹನಿ ಬೆರೆಸಿದ ನೀರು ಚಿಮುಕಿಸಿ, ತೆಳು ಅಂಟನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಸೋಪು ಇಲ್ಲದಿದ್ದರೆ ಅಂಟು ಒಳಗಿಳಿಯದೆ ಗುಂಡಗಾಗಿ ಮೇಲೇ ನಿಂತುಬಿಡುತ್ತದೆ. ಮರುದಿನ ಅಯಸ್ಕಾಂತ ಹಿಡಿದರೆ ಇಡೀ ರಾಶಿ ಎದ್ದು ಬರುತ್ತದೆ. ಖಾಲಿ ವ್ಯಾಗನ್ನಿನ ಒಳಗೋಡೆಗೆ ಮಾತ್ರ ಕಪ್ಪು ಬಳಿಯಬೇಡ, ತುಕ್ಕಿನ ಕಂದು ಬಳಿ. ಕಲ್ಲಿದ್ದಲು ಜಾರಿ ಜಾರಿ ಬಣ್ಣ ಕಿತ್ತುಹೋಗಿರುತ್ತದೆ.

ಗಣಿಯ ಪಕ್ಕದ ಮನೆಗಳನ್ನು ಕಟ್ಟದೆ ಈ ಗಾಡಿ ಓಡಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಅಚ್ಚಿನ ಕಂಪನಿ ಮನೆಗಳು, ಹಳಿಗೆ ತಾಗಿದಂತೆ. ಎಷ್ಟೋ ಕಡೆ ಸಂಬಳವನ್ನೇ ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯುವ ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ಇದೇ ರೈಲ್ವೆಯ ಹಾದಿಯಲ್ಲಿ ಮೇಟ್‌ವಾನ್ ಎಂಬ ಪುಟ್ಟ ಊರಿದೆ. ಕಾರ್ಮಿಕ ಸಂಘ ಸೇರಿದ ಗಣಿಗಾರರ ಸಂಸಾರಗಳನ್ನು ಮನೆಯಿಂದ ಹೊರಹಾಕಲು 1920ರ ಮೇ 19ರಂದು ಬಾಲ್ಡ್‌ವಿನ್ ಫೆಲ್ಟ್ಸ್ ಎಂಬ ಖಾಸಗಿ ಸಂಸ್ಥೆಯ ಪತ್ತೇದಾರರು ರೈಲಿನಲ್ಲಿ ಬಂದಿಳಿದರು. ಸಂಜೆಯೊಳಗೆ ಗುಂಡಿನ ಕಾಳಗವಾಯಿತು. ಅದರಲ್ಲಿ ಹತ್ತು ಜನ ಸತ್ತರು, ಅವರಲ್ಲಿ ಊರಿನ ಮೇಯರ್ ಕೂಡ ಒಬ್ಬ. ಮರುವರ್ಷ ಸಾವಿರಾರು ಗಣಿಗಾರರು ಬಂದೂಕು ಹಿಡಿದು ಬ್ಲೇರ್ ಬೆಟ್ಟದತ್ತ ನಡೆದರು. ನನ್ನ ಲೇಔಟಿನಲ್ಲಿ ಕಾಳಗ ಇಲ್ಲ, ಕಾಲ ಬೇರೆ. ಆದರೆ ಆ ಮನೆಗಳ ಸಾಲು ಇದೆ, ತಂತಿಯ ಮೇಲೆ ಒಗೆದ ಬಟ್ಟೆ ಇದೆ, ಬಟ್ಟೆಯ ಬಿಳುಪನ್ನು ಬೇಕೆಂದೇ ಮಂಕು ಮಾಡಿದ್ದೇನೆ. ಆ ಕಲ್ಲಿದ್ದಲನ್ನು ಅಗೆದವರು ಅಲ್ಲಿ ವಾಸವಿದ್ದರು.

ನಿನಗೆ ಜಾಗ ಕಡಿಮೆ ಎಂದು ಬರೆದಿದ್ದೀಯ. ಅದಕ್ಕೊಂದು ಪರಿಹಾರವಿದೆ. ಅಲೆನ್ ಮ್ಯಾಕ್ಲೆಲೆಂಡ್ ಎಂಬವರು ಒಹಾಯೊದ ಡೇಟನ್ನಿನಲ್ಲಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ವರ್ಜೀನಿಯನ್ ಅಂಡ್ ಒಹಾಯೊ ಎಂಬ ಕಲ್ಪನೆಯ ಕಲ್ಲಿದ್ದಲು ರೈಲ್ವೆ ಕಟ್ಟಿದ್ದರು. ಗಾಡಿ ಗೋಡೆಯಾಚೆಯ ಲೋಕದಿಂದ ಬಂದು ಗೋಡೆಯಾಚೆಗೇ ಹೋಗುತ್ತದೆ ಎಂಬ ನಂಬಿಕೆ ಹುಟ್ಟಬೇಕು ಎನ್ನುವುದು ಅವರ ದಾರಿ. ಈ ಹವ್ಯಾಸಕ್ಕೆ ಅದಕ್ಕಿಂತ ದೊಡ್ಡ ಕೊಡುಗೆ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ. ಹಾಗಾಗಿ ಒಂದು ಕಪಾಟಿನ ಹಲಗೆಯ ಮೇಲೆ ಒಂದೇ ಗಣಿ, ಮೂರು ಹಳಿ, ಗೋಡೆಯಲ್ಲೊಂದು ಸುರಂಗದ ಬಾಯಿ ಇದ್ದರೂ ಸಾಕು. ಉಳಿದ ಬಂದರು, ಯಾರ್ಡು ಎಲ್ಲ ಸುರಂಗದಾಚೆ ಇವೆ.

ಮೊದಲು ಎಂಜಿನ್ ಕೊಳ್ಳಬೇಡ. ನಾಲ್ಕು ಹಾಪರ್ ತರಿಸಿಕೋ, ತೂಗಿ ನೋಡು. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘದ ಸೂತ್ರದಂತೆ ಈ ಉದ್ದದ ವ್ಯಾಗನ್ ಸುಮಾರು 100 ಗ್ರಾಂ ಇರಬೇಕು. ಖಾಲಿ ಹಾಪರ್ ಅಷ್ಟು ತೂಗುವುದೇ ಇಲ್ಲ, ಉದ್ದ ಗಾಡಿಯ ನಡುವೆ ತಿರುವಿನಲ್ಲಿ ಹಳಿ ತಪ್ಪುತ್ತದೆ. ತೂಕಕ್ಕೆಂದು ಮೇಲೆ ಸೀಸ ಇಟ್ಟರೆ ಕಾಣುತ್ತದೆ, ಆದ್ದರಿಂದ ಇಳಿಜಾರು ತಗಡುಗಳ ಅಡಿಯಲ್ಲಿ, ನಡುತೊಲೆಯ ಪಕ್ಕದಲ್ಲಿ ಚೂರು ಚೂರಾಗಿ ಅಂಟಿಸು. ಎರಡೂ ತುದಿ ಸಮತೂಕಕ್ಕೆ ಬರಲಿ. ನಾಲ್ಕೂ ವ್ಯಾಗನ್ ಕೈಯಿಂದ ತಳ್ಳಿದಾಗ ನೇರವಾಗಿ ಉರುಳಿದವೆಂದರೆ ಬರೆ, ಯಾವ ಎಂಜಿನ್ ಎಂಬುದನ್ನು ಆಗ ಮಾತಾಡೋಣ.

ನಿನ್ನವ,
ಗೆಳೆಯ