ಬಿಂಕದಕಟ್ಟಿಯ ಬಯಲಿನಿಂದ

ಬಿಂಕದಕಟ್ಟಿ, ಗದಗ ತಾಲ್ಲೂಕು
ಶನಿವಾರ ರಾತ್ರಿ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ, ನಮ್ಮ ಮನೆಗಾಡಿಯೂ ಕ್ಷೇಮ. ಗದಗದಲ್ಲಿ ನಿಮ್ಮ ಭಾವ ವೀರನಾರಾಯಣನ ಗುಡಿಗಿಂತ ಹೆಚ್ಚು ಹೊತ್ತು ಕಳೆದದ್ದು ಮಿರ್ಚಿ ಭಜಿ ಅಂಗಡಿಯ ಮುಂದೆ. ಆ ಕಥೆ ಬಂದಾಗ ಹೇಳುತ್ತೇನೆ.

ನೀನು ಕೇಳಿದ್ದು ಟೀವಿಯ ವಿಷಯ. ಅಮೆರಿಕದಲ್ಲಿ ಮೋಟರ್‌ಹೋಮಿನ ಮೇಲಿನ ಆಂಟೆನಾ ಎತ್ತಿದರೆ ಸಾಕು, ಹೋದ ಊರಿನ ಚಾನೆಲ್ಲುಗಳು ಪುಕ್ಕಟೆ ಬರುತ್ತವೆ ಅಂದನಂತೆ ನಿನ್ನ ಮಗ. ಅವನು ಹೇಳಿದ್ದು ನಿಜ. ಅಲ್ಲಿ 2009ರ ಜೂನ್‌ನಲ್ಲಿ ದೊಡ್ಡ ಸ್ಟೇಷನ್ನುಗಳೆಲ್ಲ ಅನಲಾಗ್ ಬಿಟ್ಟು ಡಿಜಿಟಲ್ ಆದವು, ಗೋಪುರಗಳು ಉಳಿದುಕೊಂಡವು. ನಮ್ಮಲ್ಲಿ ಹಾಗಾಗಲಿಲ್ಲ. ದೂರದರ್ಶನದ ನೆಲದ ಟ್ರಾನ್ಸ್‌ಮಿಟರುಗಳು ಒಂದೊಂದಾಗಿ ಬಂದಾಗುತ್ತ ಬಂದು, 2022ರ ಹೊತ್ತಿಗೆ ಗಡಿಭಾಗದಂಥ ಕೆಲವು ಕಡೆ ಬಿಟ್ಟರೆ ಬಹುಪಾಲು ನಿಂತೇಹೋದವು. ಮೀನಿನ ಮುಳ್ಳಿನಂಥ ಆ ಹಳೆಯ ಆಂಟೆನಾ ಈಗ ಕಾಗೆ ಕೂರುವುದಕ್ಕಷ್ಟೆ.

ನಮಗೆ ಉಳಿದ ದಾರಿ ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಯಿತಲ್ಲ, ಅದೇ. ಡಿಶ್ಶು, ಪೆಟ್ಟಿಗೆ ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ದುಡ್ಡಿಲ್ಲ. ಆದರೆ ಗಾಡಿ ನಿಂತಾಗ ಮಾತ್ರ. ಓಡುವ ಗಾಡಿಯಲ್ಲಿ ಉಪಗ್ರಹವನ್ನು ಹಿಡಿದುಕೊಂಡೇ ಇರುವ ಯಂತ್ರಗಳೂ ಇವೆ. ಅದರ ಬೆಲೆಗೆ ನಾವು ಇನ್ನೊಂದು ಸುತ್ತು ಊರು ನೋಡಬಹುದು.

ಇಲ್ಲಿ ಕಿರು ಮೃಗಾಲಯ ನೋಡಿಕೊಂಡು, ಒಬ್ಬರ ಹೊಲದ ಅಂಚಿನಲ್ಲಿ ಕೇಳಿಕೊಂಡು ನಿಂತೆವು. ನಿಮ್ಮ ಭಾವನಿಗೆ ಬೇವಿನ ನೆರಳಿನ ಮೇಲೆ ಕಣ್ಣು. ಹೊಲದ ಯಜಮಾನರ ಮಗ ನಮ್ಮ ಡಿಶ್ ನೋಡಿದವನೇ, "ಗಿಡದ ಬುಡಕ ನಿಂತ್ರ ಏನೂ ಬರಂಗಿಲ್ರೀ ಅಕ್ಕಾರ, ಬಯಲಿಗೆ ತಗೋರಿ" ಅಂದ. ಎಲೆ ಅಡ್ಡ ಬಂದರೆ ಈ ಸಿಗ್ನಲ್ ಕುಂದುತ್ತದೆ. ಮಳೆಗೆ ನೆನೆದ ಎಲೆಯಾದರಂತೂ ಕೇಳಲೇಬೇಡ.

ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15 ನಿಂತಿರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಇಲ್ಲಿಂದ ನೋಡಿದರೆ ಅದು ಆಗ್ನೇಯಕ್ಕೆ, ಒಂದಿಷ್ಟು ಪೂರ್ವಕ್ಕೆ ವಾಲಿ, ಸುಮಾರು 62 ಡಿಗ್ರಿ ಎತ್ತರದಲ್ಲಿ. ಕಪ್ಪತಗುಡ್ಡದ ಸಾಲು ಈ ಬಿಂಕದಕಟ್ಟಿಯಿಂದಲೇ ಎದ್ದು ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಮುಂಡರಗಿಯ ಸಿಂಗಟಾಲೂರಿನ ತನಕ ಹೋಗುತ್ತದೆ. ಆದರೂ ಅಡ್ಡಿಯಿಲ್ಲ, ಡಿಶ್ ಗುಡ್ಡದ ತಲೆಯ ಮೇಲಿಂದ ನೋಡುತ್ತದೆ. ತೊಂದರೆ ಕೊಡುವುದು ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರಗಳ ಫ್ಯಾನುಗಳನ್ನು ತಿರುಗಿಸುವ ಗಾಳಿ ಡಿಶ್ ಕೂರಿಸಿದ ನಮ್ಮ ಮುಕ್ಕಾಲಿಯನ್ನು ಬಿಡುತ್ತದೆಯೇ? ಮರಳು ತುಂಬಿದ ಚೀಲವನ್ನು ನಡುವೆ ತೂಗುಹಾಕಿ ಕೂರಿಸಿದೆವು. ದಿಕ್ಕನ್ನು ಫೋನಿನಲ್ಲಿ ನೋಡುವಾಗ ಗಾಡಿಯಿಂದ ಹತ್ತು ಹೆಜ್ಜೆ ಆಚೆ ಹೋಗು, ತಗಡಿನ ಹತ್ತಿರ ಮುಳ್ಳು ಹುಚ್ಚಾಟ ಆಡುತ್ತದೆ. ಅದಕ್ಕಿಂತ ಸುಲಭ, ಊರಿನ ಮಾಳಿಗೆಗಳ ಮೇಲಿನ ಡಿಶ್ಶುಗಳು ಎತ್ತ ಮುಖ ಮಾಡಿವೆ ಅಂತ ನೋಡುವುದು.

ಪರದೆಯ ಮೇಲೆ ಎರಡು ಪಟ್ಟಿ ಬರುತ್ತವೆ. ಸ್ಟ್ರೆಂತ್ ಪಟ್ಟಿಯನ್ನು ನಂಬಬೇಡ, ಡಿಶ್ ಬೇಲಿಯ ಕಡೆ ತಿರುಗಿದ್ದರೂ ಅದು ತುಂಬಿಕೊಂಡೇ ಇರುತ್ತದೆ. ಕ್ವಾಲಿಟಿ ಪಟ್ಟಿ ಏಳಬೇಕು. ಒಬ್ಬರು ಒಳಗೆ ಕೂತು ನೋಡಬೇಕು, ಒಬ್ಬರು ಹೊರಗೆ ಕೂದಲೆಳೆಯಷ್ಟು ಸರಿಸಿ ಉಸಿರು ಬಿಗಿಹಿಡಿಯಬೇಕು. "ಬಂತಾ?" "ಹೋಯ್ತು." "ಈಗ?" ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಜಗಳಕ್ಕೆ ಹೊಸ ಕಾರಣ ಸಿಕ್ಕಿತು ನೋಡು.

ಈ ಸೀಮೆಗೆ ಆಕಾಶದಿಂದ ಟೀವಿ ಬರುವುದೇನೂ ಹೊಸತಲ್ಲ. 1975-76ರಲ್ಲಿ, ಹಳ್ಳಿಗಳಿಗೆ ಉಪಗ್ರಹದಿಂದ ಟೀವಿ ತೋರಿಸಿದ ಸೈಟ್ ಪ್ರಯೋಗದ ಕಾಲಕ್ಕೆ, ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಬಲೆಯಂಥ ಜಾಲರಿಯ, ಮೂರು ಮೀಟರ್ ಅಗಲದ ಡಿಶ್ ನೆಟ್ಟಿದ್ದರು. ಅಮೆರಿಕದ ಎಟಿಎಸ್-6 ಉಪಗ್ರಹ ಆಗ ಆಫ್ರಿಕದ ನೆತ್ತಿಯ ಮೇಲಿತ್ತಾದ್ದರಿಂದ ಅವೆಲ್ಲ ಪಶ್ಚಿಮದತ್ತ ನೋಡುತ್ತಿದ್ದವು. ನಮ್ಮದು ಎರಡು ಅಡಿಯದು, ಸೀಟಿನ ಕೆಳಗೆ ಹಿಡಿಸುತ್ತದೆ.

ಇನ್ನು ಬರುವುದೇನು? ಹಿಂದಿ ಚಾನೆಲ್ಲುಗಳ ಜಾತ್ರೆ, ನಡುವೆ ನಮ್ಮ ಚಂದನ. ಚಂದನದ ವಾರ್ತೆ ಗದ್ದಲವಿಲ್ಲದೆ ಓದುತ್ತಾರೆ, ನನಗೆ ಅಷ್ಟು ಸಾಕು. ಆದರೆ ನಿನ್ನ ಮಗ ಹೇಳುವ 'ಆ ಊರಿನ ಚಾನೆಲ್' ಇದರಲ್ಲಿ ಇಲ್ಲ. ಇವತ್ತು ಗದಗದಲ್ಲಿ ಏನಾಯಿತು ಅನ್ನುವುದು ಊರಿನ ಕೇಬಲ್ಲಿನವರಿಗೆ ಗೊತ್ತು, ಅವರ ತಂತಿ ನಮ್ಮ ಗಾಡಿಗೆ ಬಾರದು. ಈ ನೆಲದ ಮಾತು ಬೇಕೆಂದರೆ ಧಾರವಾಡ ಆಕಾಶವಾಣಿಯೇ ಸರಿ, ಮೀಡಿಯಂ ವೇವ್ 765 ಕಿಲೊಹರ್ಟ್ಜ್. 1950ರಿಂದ ಇರುವ ನಿಲಯ. ಇನ್ವರ್ಟರ್ ಆರಿಸಿ ಕೇಳು, ಇಲ್ಲದಿದ್ದರೆ ಮಾತಿಗಿಂತ ಗುಂಯ್‌ಗುಟ್ಟುವ ಸದ್ದೇ ಹೆಚ್ಚು. ಟೀವಿ, ಪೆಟ್ಟಿಗೆ ಎರಡೂ 12 ವೋಲ್ಟಿನವಾದರೆ ಇನ್ವರ್ಟರಿನ ಗೊಡವೆಯೇ ಬೇಡ.

ನಾಳೆ ಲಕ್ಕುಂಡಿ. ದೀಪಾವಳಿಗೆ ನೀವೂ ಗಾಡಿ ಬಾಡಿಗೆಗೆ ಹಿಡಿಯುವುದಾದರೆ ಒಂದು ಮಾತು: ನಿನ್ನ ಅತ್ತೆಯವರ ಸಂಜೆಯ ಧಾರಾವಾಹಿಗಳು ಈ ಪುಕ್ಕಟೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅವರನ್ನು ಕರೆತರುವ ಮುಂಚೆ ಮೊಬೈಲಿಗೆ ಡೇಟಾ ಹಾಕಿಸು, ಇಲ್ಲವೆ ಅವರಿಗೆ ಮೊದಲೇ ಹೇಳು.

ಇಂತಿ ನಿನ್ನ ಅಕ್ಕ